ಕೈ ಏಳದಿದ್ದರೂ ಪ್ರಯತ್ನ ನಡೆದೇ ಇರುತ್ತದೆ

ಲಕ್ವ ಹೊಡೆದವರ ಮನೆಗಳಲ್ಲಿ ಕಾಲಿನ ಕಥೆ ಒಂದಾದರೆ ಕೈಯ ಕಥೆ ಇನ್ನೊಂದು. ಮೊದಲ ವಾರಗಳಲ್ಲಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗದಿದ್ದವರು ಎರಡು ಮೂರು ತಿಂಗಳ ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಾರೆ. ಆಮೇಲೆ ಕೋಲು ಹಿಡಿದು, ಸ್ವಾಧೀನ ತಪ್ಪಿದ ಕಾಲನ್ನು ಹೊರಗಿನಿಂದ ಸುತ್ತು ಹಾಕಿ ಎಳೆಯುತ್ತಲಾದರೂ, ಜಗಲಿಯವರೆಗೆ ನಡೆದು ಬರುತ್ತಾರೆ. ಕೈ ಮಾತ್ರ ಮೊಣಕೈಯಲ್ಲಿ ಮಡಚಿ, ಮುಷ್ಟಿ ಬಿಗಿದುಕೊಂಡು, ಎದೆಗೆ ಅಂಟಿದಂತೆಯೇ ಉಳಿದುಬಿಡುತ್ತದೆ. ಆರು ತಿಂಗಳು ಕಳೆದ ಮೇಲೆ ವೈದ್ಯರು ‘ಆಗಬೇಕಾದಷ್ಟು ಆಗಿದೆ, ಇರುವುದನ್ನು ಉಳಿಸಿಕೊಳ್ಳಿ’ ಎನ್ನುತ್ತಾರೆ. ಮನೆಯವರು ಆ ಮಾತನ್ನು ಕೈಯ ಮಟ್ಟಿಗೆ ಕೊನೆಯ ತೀರ್ಪೆಂದು ಒಪ್ಪಿಕೊಂಡು, ಅಂಗಿಗೆ ಗುಂಡಿಯ ಬದಲು ವೆಲ್ಕ್ರೋ ಹೊಲಿಸಿ, ಎಡಗೈಯಲ್ಲಿ ಊಟ ಮಾಡುವುದನ್ನು ಅಭ್ಯಾಸ ಮಾಡಿಸುತ್ತಾರೆ. ಮಿದುಳಿನ ಸಂಕೇತಗಳನ್ನು ಕಂಪ್ಯೂಟರಿನಿಂದ ಓದಿ ಅಂಥ ಕೈಗೆ ನೆರವಾಗುವ ‘ಮಿದುಳು-ಕಂಪ್ಯೂಟರ್ ಸಂಪರ್ಕ’ದ ಚಿಕಿತ್ಸೆಯ ಬಗ್ಗೆ ಈ ಬರಹ.

ಕೈ ಹೀಗೆ ಹಿಂದೆ ಬೀಳುವುದಕ್ಕೆ ಒಂದು ಕಾರಣ ಮಿದುಳಿನ ರಚನೆಯಲ್ಲೇ ಇದೆ. ಕೈ, ಬೆರಳು ಮತ್ತು ಮುಖದ ಚಲನೆಯನ್ನು ನಿರ್ದೇಶಿಸುವ ಭಾಗಗಳು ಮಿದುಳಿನ ಹೊರಮೈಯಲ್ಲಿವೆ. ಅಲ್ಲಿಗೆ ರಕ್ತ ಒದಗಿಸುವುದು ಮಿಡ್ಲ್ ಸೆರೆಬ್ರಲ್ ಆರ್ಟರಿ ಎಂಬ ರಕ್ತನಾಳ, ಲಕ್ವದಲ್ಲಿ ಅತಿ ಹೆಚ್ಚಾಗಿ ಮುಚ್ಚಿಕೊಳ್ಳುವುದೂ ಅದೇ. ಕಾಲಿನ ಭಾಗ ಎರಡು ಅರ್ಧಗೋಳಗಳ ನಡುವಿನ ಒಳಮೈಯಲ್ಲಿದ್ದು ಬೇರೊಂದು ನಾಳದಿಂದ ರಕ್ತ ಪಡೆಯುವುದರಿಂದ ಎಷ್ಟೋ ಸಲ ಬಚಾವಾಗುತ್ತದೆ. ಇನ್ನೊಂದು ಕಾರಣ ಬದುಕಿನ ಅಗತ್ಯದ್ದು. ಒಂದೇ ಕಾಲಿನಲ್ಲಿ ನಡೆಯುವುದು ಸಾಧ್ಯವಿಲ್ಲದ್ದರಿಂದ ರೋಗಿ ಬೇಡವೆಂದರೂ ಸೋತ ಕಾಲಿಗೆ ದಿನವಿಡೀ ಕೆಲಸ ಸಿಗುತ್ತದೆ, ಆದರೆ ಒಂದೇ ಕೈಯಲ್ಲಿ ಉಣ್ಣಬಹುದು, ಸ್ನಾನ ಮಾಡಬಹುದು, ಫೋನ್ ಒತ್ತಬಹುದು. ಸೋತ ಕೈಯನ್ನು ಎತ್ತಲು ಹತ್ತು ಸಲ ಯತ್ನಿಸಿ ಹತ್ತು ಸಲವೂ ಫಲ ಕಾಣದ ಮಿದುಳು ಆ ಯತ್ನವನ್ನೇ ಬಿಡುವುದನ್ನು ಕಲಿಯುತ್ತದೆ. ಅಮೆರಿಕದ ಎಡ್ವರ್ಡ್ ಟಾಬ್ ಮಂಗಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಗುರುತಿಸಿ, ಚೆನ್ನಾಗಿರುವ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ಗಂಟೆಗಟ್ಟಲೆ ಕೆಲಸ ಮಾಡಿಸುವ ಚಿಕಿತ್ಸೆಯನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ, 222 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ಅದರ ಪ್ರಯೋಜನವನ್ನು ಗಟ್ಟಿಯಾಗಿ ತೋರಿಸಿತು. ಆದರೆ ಆ ಚಿಕಿತ್ಸೆಗೆ ಒಂದು ಷರತ್ತಿದೆ: ಮಣಿಕಟ್ಟು ಮತ್ತು ಬೆರಳುಗಳು ಸ್ವಲ್ಪವಾದರೂ ಹಿಂದಕ್ಕೆ ಬಿಚ್ಚಿಕೊಳ್ಳಬೇಕು. ಬೆರಳು ಒಂದಿಷ್ಟೂ ಬಿಚ್ಚದವರಿಗೆ ಅಭ್ಯಾಸ ಮಾಡಲು ಚಲನೆಯೇ ಇಲ್ಲ. ನಾನು ಈ ಬರಹದಲ್ಲಿ ಯೋಚಿಸುತ್ತಿರುವುದು ಮುಖ್ಯವಾಗಿ ಅವರ ಬಗ್ಗೆಯೇ.

ನನ್ನ ಸೋದರಮಾವ ಅಂಥವರಲ್ಲಿ ಒಬ್ಬರು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದು ಬದುಕಿದವರಿಗೆ ಲಕ್ವ ಬಲಗೈಯನ್ನೇ ಹಿಡಿಯಿತು. ಬೆಳಗ್ಗೆ ಸ್ನಾನಕ್ಕೆ ಮೊದಲು ಅವರು ಎಡಗೈಯಿಂದ ಬಲಗೈಯ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸುತ್ತಿದ್ದರು. ಅಂಗೈಯಲ್ಲಿ ಉಗುರು ಒತ್ತಿದ ಗುರುತುಗಳಿಗೆ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆಯ ಸುರುಳಿಯೊಂದನ್ನು ಹಿಡಿಸುತ್ತಿದ್ದರು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ದಿನ ಅವರ ತೋಳನ್ನು ಹಿಡಿದು ಎತ್ತುತ್ತಾ, ‘ಅಂಕಲ್, ನಾನೊಬ್ಬಳೇ ಎತ್ತಿದ್ರೆ ಪ್ರಯೋಜನ ಇಲ್ಲ, ನೀವೂ ಎತ್ತಬೇಕು’ ಎಂದಳು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಎತ್ತುತ್ತಲೇ ಇದ್ದೀನಮ್ಮ, ಅದು ಏಳ್ತಾ ಇಲ್ಲ’ ಎಂದರು. ಆ ಹುಡುಗಿ ಹೇಳಿದ್ದು ಸರಿ, ಮಾವ ಹೇಳಿದ್ದೂ ಸರಿ. ಹೊರಗಿನಿಂದ ನೋಡುವವರಿಗೆ ಪ್ರಯತ್ನ ಮಾಡುತ್ತಿರುವ ರೋಗಿಗೂ ಕೈಬಿಟ್ಟು ಕುಳಿತ ರೋಗಿಗೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೂ ದುಃಖದ ಸಂಗತಿಯೆಂದರೆ, ಕೆಲವು ತಿಂಗಳು ಕಳೆದ ಮೇಲೆ ರೋಗಿಗೇ ಆ ವ್ಯತ್ಯಾಸ ತಿಳಿಯದಂತಾಗುತ್ತದೆ. ಮಿದುಳು-ಕಂಪ್ಯೂಟರ್ ಸಂಪರ್ಕದ ಬಗ್ಗೆ ಓದತೊಡಗಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ: ಕೈ ಅಲುಗದಿದ್ದರೂ ಪ್ರಯತ್ನ ನಡೆದಿದೆ ಎಂಬುದನ್ನು ಅದು ಹೊರಗಿನವರಿಗೂ ರೋಗಿಗೂ ಕಾಣಿಸುತ್ತದೆ.

ತಲೆಯ ಹೊರಗಿನಿಂದಲೇ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಬಹುದೆಂದು ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲೇ ಕಂಡುಕೊಂಡಿದ್ದರು. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಇಇಜಿ ಎಂದು ನಮ್ಮ ಆಸ್ಪತ್ರೆಗಳಲ್ಲಿ ಮೂರ್ಛೆರೋಗದವರಿಗೆ ಮಾಡಿಸುವ ಪರೀಕ್ಷೆ ಅದೇ. ಈ ಸಂಕೇತಗಳಿಂದ ಕಂಪ್ಯೂಟರನ್ನು ನಡೆಸಬಹುದೆಂಬ ಯೋಚನೆಯನ್ನು 1973ರಲ್ಲಿ ಮುಂದಿಟ್ಟವರು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾಕ್ ವಿಡಾಲ್. ಆದರೆ ಲಕ್ವದ ಕೈಗೆ ದಾರಿ ತೋರಿಸಿದ್ದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಗೆರ್ಟ್ ಫುರ್ಟ್‌ಶೆಲ್ಲರ್ ಮತ್ತವರ ಸಂಗಡಿಗರು ಎಪ್ಪತ್ತರ ದಶಕದ ಕೊನೆಯಿಂದ ಮಾಡಿದ ಕೆಲಸ. ಕೈ ವಿಶ್ರಾಂತಿಯಲ್ಲಿರುವಾಗ, ಅದನ್ನು ನಿರ್ದೇಶಿಸುವ ಮಿದುಳಿನ ಭಾಗದಲ್ಲಿ ಅಸಂಖ್ಯ ನರಕೋಶಗಳು ಒಂದೇ ಲಯದಲ್ಲಿ, ಸೆಕೆಂಡಿಗೆ ಸುಮಾರು 8ರಿಂದ 13 ಸಲ, ಏರಿಳಿಯುತ್ತಿರುತ್ತವೆ. ಇದಕ್ಕೆ ಮ್ಯೂ ಲಯವೆಂದು ಹೆಸರು. ಕೈಯನ್ನು ಆಡಿಸಲು ಹೊರಟ ಕ್ಷಣದಲ್ಲಿ, ಆಡಿಸುವುದಕ್ಕೂ ತುಸು ಮೊದಲೇ, ಆ ಲಯ ಕುಗ್ಗುತ್ತದೆ. ಕೈಯನ್ನು ಆಡಿಸದೆ, ಆಡಿಸಿದಂತೆ ಮನಸ್ಸಿನಲ್ಲಿ ಕಲ್ಪಿಸಿಕೊಂಡರೂ ಕುಗ್ಗುತ್ತದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗ ಹಾಳಾಗಿ ಕೈಗೆ ಆಜ್ಞೆ ತಲುಪದಿದ್ದರೂ, ಆಜ್ಞೆ ಹೊರಡುವ ಜಾಗದಲ್ಲಿ ಕೋಶಗಳು ಉಳಿದಿದ್ದರೆ ಈ ಕುಗ್ಗುವಿಕೆಯನ್ನು ತಲೆಯ ಮೇಲಿಟ್ಟ ಎಲೆಕ್ಟ್ರೋಡು (ವಿದ್ಯುತ್ ಗ್ರಹಿಸುವ ಪುಟ್ಟ ಬಿಲ್ಲೆ) ಹಿಡಿಯಬಲ್ಲದು. ನನ್ನ ಮಾವ ‘ಎತ್ತುತ್ತಲೇ ಇದ್ದೀನಿ’ ಎಂದ ಆ ಮಾತಿಗೆ ಸಾಕ್ಷಿ ಅಲ್ಲಿದೆ.

ಚಿಕಿತ್ಸೆ ನಡೆಯುವ ರೀತಿ ಹೊರನೋಟಕ್ಕೆ ಸರಳವಾಗಿದೆ. ರೋಗಿಯ ತಲೆಗೆ ಬಟ್ಟೆಯ ಟೋಪಿಯೊಂದನ್ನು ತೊಡಿಸಿ, ಅದರ ಪುಟ್ಟ ರಂಧ್ರಗಳಲ್ಲಿ ಸಿರಿಂಜಿನಿಂದ ಜೆಲ್ ತುಂಬಿ, ಪ್ರತಿ ಎಲೆಕ್ಟ್ರೋಡೂ ನೆತ್ತಿಯ ಚರ್ಮಕ್ಕೆ ಸರಿಯಾಗಿ ತಾಗುವಂತೆ ಮಾಡುತ್ತಾರೆ. ಇದಕ್ಕೇ ಸಾಕಷ್ಟು ಸಮಯ ಹಿಡಿಯುತ್ತದೆ, ಕೊನೆಯಲ್ಲಿ ತಲೆ ತೊಳೆದುಕೊಳ್ಳಬೇಕು. ಎದುರಿನ ಪರದೆಯಲ್ಲಿ ಸೂಚನೆ ಬಂದಾಗ ಸೋತ ಕೈಯ ಬೆರಳುಗಳನ್ನು ಬಿಚ್ಚಲು ಯತ್ನಿಸಬೇಕು, ಇನ್ನೊಂದು ಸೂಚನೆ ಬಂದಾಗ ಸುಮ್ಮನಿರಬೇಕು. ಹಲವು ಸಲ ಹೀಗೆ ಮಾಡಿಸಿ, ಆ ಒಬ್ಬ ರೋಗಿಯ ಪ್ರಯತ್ನಕ್ಕೂ ವಿಶ್ರಾಂತಿಗೂ ಇರುವ ವ್ಯತ್ಯಾಸವನ್ನು ಕಂಪ್ಯೂಟರಿಗೆ ಕಲಿಸಲಾಗುತ್ತದೆ, ಏಕೆಂದರೆ ಒಬ್ಬರ ಸಂಕೇತದಂತೆ ಇನ್ನೊಬ್ಬರದು ಇರುವುದಿಲ್ಲ. ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಪಾಲಿನಷ್ಟು ಕ್ಷೀಣವಾದ ಈ ಸಂಕೇತವನ್ನು ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಬೇರೆ ವಿದ್ಯುತ್ ಮುಚ್ಚಿಬಿಡುತ್ತದೆ. ಪೂರ್ತಿ ಬಲ ಹಾಕಿ ಕೈಯೆತ್ತಲು ಹೊರಟವರು ದವಡೆ ಬಿಗಿಯುವುದು ಸಹಜ, ಹಾಗಾಗಿ ದವಡೆ ಸಡಿಲಬಿಟ್ಟು ಕೈಯನ್ನಷ್ಟೇ ಯತ್ನಿಸುವುದನ್ನೂ ಇಲ್ಲಿ ಕಲಿಯಬೇಕಾಗುತ್ತದೆ. ಇಷ್ಟು ಸಿದ್ಧವಾದ ಮೇಲೆ, ರೋಗಿ ಬೆರಳು ಬಿಚ್ಚಲು ಯತ್ನಿಸುತ್ತಾರೆ, ಲಯ ಕುಗ್ಗುತ್ತದೆ, ಕಂಪ್ಯೂಟರ್ ಅದನ್ನು ಗುರುತಿಸುತ್ತದೆ. ಕೂಡಲೇ ಕೈಗೆ ಕಟ್ಟಿದ ಯಂತ್ರ ಬೆರಳುಗಳನ್ನು ಬಿಚ್ಚುತ್ತದೆ, ಇಲ್ಲವೇ ಮುಂಗೈಯ ಸ್ನಾಯುವಿಗೆ ಕೊಡುವ ಸಣ್ಣ ವಿದ್ಯುತ್ ಪ್ರಚೋದನೆಯಿಂದ ಬೆರಳುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಬೆರಳು ಬಿಚ್ಚಿದ ಅನುಭವ ಚರ್ಮ, ಕೀಲು, ಸ್ನಾಯುಗಳಿಂದ ಮಿದುಳಿಗೆ ಹಿಂದಿರುಗುತ್ತದೆ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರಬೇಕು, ನನಗೂ ಬಂತು. ಸೋತ ಸ್ನಾಯುವಿಗೆ ‘ಕರೆಂಟ್ ಕೊಡುವುದು’ ನಮ್ಮ ಸಣ್ಣ ಊರುಗಳ ಫಿಸಿಯೋಥೆರಪಿ ಕೇಂದ್ರಗಳಲ್ಲೂ ಇದೆ, ಕೈಯನ್ನು ಹಿಡಿದು ಆಡಿಸುವುದಂತೂ ಎಲ್ಲೆಡೆ ಇದೆ. ಹಾಗಿದ್ದರೆ ಟೋಪಿ ಮತ್ತು ಕಂಪ್ಯೂಟರ್ ಸೇರಿಸಿದ್ದರಿಂದ ಹೆಚ್ಚಾಗಿ ಸಿಗುವುದೇನು? ಈ ಕ್ಷೇತ್ರದ ಅತ್ಯುತ್ತಮ ಅಧ್ಯಯನಗಳು ಇದೇ ಪ್ರಶ್ನೆಯನ್ನು ಎದುರಿಟ್ಟುಕೊಂಡು ನಡೆದವು ಎಂಬುದು ನನಗೆ ಗೌರವ ಹುಟ್ಟಿಸಿದ ವಿಷಯ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಂಡರ್ ರಾಮೋಸ್-ಮುರ್ಗಿಯಾಲ್ಡೈ ಮತ್ತವರ ತಂಡ ಬೆರಳು ಬಿಚ್ಚಲಾಗದ, ಲಕ್ವವಾಗಿ ಬಹುಕಾಲ ಕಳೆದಿದ್ದ 32 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿನಲ್ಲಿ ಕೈಗೆ ಕಟ್ಟಿದ ಯಂತ್ರ ಅವರವರ ಮಿದುಳಿನ ಲಯ ಕುಗ್ಗಿದಾಗಲೇ ಅಲುಗುತ್ತಿತ್ತು. ಇನ್ನೊಂದು ಗುಂಪಿನವರಿಗೂ ಅದೇ ಟೋಪಿ, ಅದೇ ಯಂತ್ರ, ಆದರೆ ಚಲನೆಗೂ ಅವರ ಪ್ರಯತ್ನಕ್ಕೂ ಸಂಬಂಧವಿರಲಿಲ್ಲ, ಯಂತ್ರ ಯಾವಾಗೆಂದರೆ ಆವಾಗ ಅಲುಗುತ್ತಿತ್ತು. ಯಾವ ಗುಂಪು ಯಾವುದೆಂದು ರೋಗಿಗಳಿಗೆ ತಿಳಿದಿರಲಿಲ್ಲ, ಫಿಸಿಯೋಥೆರಪಿ ಇಬ್ಬರಿಗೂ ಒಂದೇ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನವರು ಕೈಯ ಚಲನೆಯನ್ನು ಅಳೆಯುವ ಮಾಪನದಲ್ಲಿ ಎರಡನೆಯವರಿಗಿಂತ ಸುಮಾರು 3.4 ಅಂಕ ಮುಂದಿದ್ದರು.

ಸ್ವಿಟ್ಜರ್ಲೆಂಡ್‌ನ ಲೌಸಾನ್‌ನಲ್ಲಿ ಹೋಸೆ ಮಿಲ್ಲಾನ್ ಅವರ ತಂಡ ಯಂತ್ರದ ಬದಲು ವಿದ್ಯುತ್ ಪ್ರಚೋದನೆಯನ್ನು ಬಳಸಿತು. 27 ರೋಗಿಗಳು, ವಾರಕ್ಕೆ ಎರಡು ಸಲದಂತೆ ಐದು ವಾರ. ಬೆರಳು ಬಿಚ್ಚುವ ಸ್ನಾಯುವಿಗೆ ಎರಡೂ ಗುಂಪಿನವರು ಕರೆಂಟ್ ಪಡೆದರು, ಒಂದು ಗುಂಪಿಗೆ ಪ್ರಯತ್ನಕ್ಕೆ ಉತ್ತರವಾಗಿ, ಇನ್ನೊಂದಕ್ಕೆ ಪ್ರಯತ್ನದ ಹಂಗಿಲ್ಲದೆ. 2018ರ ವರದಿಯ ಪ್ರಕಾರ ಮೊದಲ ಗುಂಪಿನ ಸರಾಸರಿ ಸುಧಾರಣೆ 6.6 ಅಂಕ, ಎರಡನೆಯದು ಸುಮಾರು 2 ಅಂಕ. ಚಿಕಿತ್ಸೆ ಮುಗಿದು ಆರರಿಂದ ಹನ್ನೆರಡು ತಿಂಗಳ ನಂತರ ನೋಡಿದಾಗಲೂ ಗಳಿಕೆ ಉಳಿದಿತ್ತು. ಅದೇ ಸ್ನಾಯು, ಅದೇ ಕರೆಂಟ್, ಬೇರೆಯಾಗಿದ್ದು ಹೊತ್ತು ಮಾತ್ರ. ಕೈಯೆತ್ತುವ ಇಚ್ಛೆ ಮಿದುಳಿನಲ್ಲಿ ಹುಟ್ಟಿದ ಕ್ಷಣಕ್ಕೂ ಕೈ ಎದ್ದ ಅನುಭವ ಮಿದುಳಿಗೆ ಮರಳಿದ ಕ್ಷಣಕ್ಕೂ ನಡುವಿನ ಅಂತರ ಒಂದು ಸೆಕೆಂಡಿನೊಳಗೆ ಮುಗಿದರೆ, ಜೊತೆಯಾಗಿ ಎಚ್ಚರಗೊಂಡ ನರಕೋಶಗಳ ನಡುವಿನ ಕೊಂಡಿ ಬಲಗೊಳ್ಳುತ್ತದೆ, ಅಳಿದುಳಿದ ನರತಂತುಗಳಿಗೆ ಮತ್ತೆ ಕೆಲಸ ಸಿಗುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಮಗು ಮಾತು ಕಲಿಯುವಾಗ ಅದು ‘ಅಮ್ಮ’ ಎಂದಾಗಲೇ ತಾಯಿ ತಿರುಗಿ ನೋಡಿದರೆ ಮಾತಿಗೆ ಅರ್ಥ ಬರುವಂತೆ, ಮಿದುಳಿಗೂ ಅದು ಕರೆದಾಗಲೇ ಕೈಯಿಂದ ಉತ್ತರ ಬೇಕು.

ಅಂಕವೆಂದರೆ ಏನೆಂದು ಹೇಳದೆ ಮುಂದೆ ಹೋದರೆ ಓದುಗರಿಗೆ ಅನ್ಯಾಯವಾದೀತು. ಫ್ಯೂಗಲ್-ಮೇಯರ್ ಮಾಪನದಲ್ಲಿ ತೋಳು ಮತ್ತು ಕೈಗೆ ಒಟ್ಟು 66 ಅಂಕಗಳಿವೆ. ಭುಜ ಎತ್ತುವುದು, ಮೊಣಕೈ ನೇರಮಾಡುವುದು, ಮಣಿಕಟ್ಟು ತಿರುಗಿಸುವುದು, ಬೆರಳು ಬಿಚ್ಚುವುದು ಹೀಗೆ ಒಂದೊಂದು ಚಲನೆಗೂ ಸೊನ್ನೆ, ಒಂದು ಅಥವಾ ಎರಡು ಅಂಕ. ಬಹುಕಾಲದ ಲಕ್ವದಲ್ಲಿ ಸುಮಾರು ಐದು ಅಂಕದಷ್ಟು ಹೆಚ್ಚಿದರೆ ದಿನನಿತ್ಯದ ಬಳಕೆಯಲ್ಲಿ ಅದು ಗೊತ್ತಾಗುತ್ತದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಟ್ಯೂಬಿಂಗೆನ್‌ನ ಗಳಿಕೆ ಹೊಸ್ತಿಲ ಈಚೆಗಿದ್ದರೆ ಲೌಸಾನ್‌ನದು ತುಸು ಆಚೆಗಿದೆ. ಇದು ಪೆನ್ನು ಹಿಡಿದು ಲೆಕ್ಕ ಬರೆಯುವ ಕೈಯಲ್ಲ, ಆದರೆ ಅಂಗಿಯ ತೋಳಿನೊಳಗೆ ತಾನೇ ಹೋಗಬಲ್ಲ, ತೊಳೆಯಲು ಅಂಗೈ ಬಿಡಿಸಿಕೊಡಬಲ್ಲ, ಎಡಗೈ ಚಪಾತಿ ಹರಿಯುವಾಗ ತಟ್ಟೆಯನ್ನು ಅದುಮಿ ಹಿಡಿಯಬಲ್ಲ ಕೈ ಆಗಿರಬಹುದು. ಅತ್ತೆಯ ದಿನಚರಿಯನ್ನು ಹತ್ತಿರದಿಂದ ನೋಡಿದ ನನಗೆ ಇದು ಸಣ್ಣದೆನ್ನಿಸುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ನೋಡಿದಾಗ ಚಿತ್ರ ಇನ್ನಷ್ಟು ಸಂಯಮದ್ದು. 2018ರಲ್ಲಿ ಒಂಬತ್ತು ಅಧ್ಯಯನಗಳ 235 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದವರು ಈ ಚಿಕಿತ್ಸೆಯ ಪರವಾಗಿಯೇ ತೀರ್ಮಾನಕ್ಕೆ ಬಂದರು, ಆದರೆ ಒಂದೊಂದು ಅಧ್ಯಯನದಲ್ಲಿ ಇದ್ದವರು ಸರಾಸರಿ ಇಪ್ಪತ್ತಾರು ಜನವಷ್ಟೇ. ಚೀನಾದ 17 ಆಸ್ಪತ್ರೆಗಳಲ್ಲಿ 296 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೂಢಿಯ ಚಿಕಿತ್ಸೆ ಪಡೆದವರಿಗಿಂತ ಈ ಚಿಕಿತ್ಸೆ ಪಡೆದವರು ಸರಾಸರಿ ಮೂರು ಅಂಕಕ್ಕಿಂತ ತುಸು ಹೆಚ್ಚು ಮುಂದಿದ್ದರು. ಅಂದರೆ ಪ್ರಯೋಜನ ನಿಜ, ಆದರೆ ಪವಾಡವಲ್ಲ. ಸರಾಸರಿಯ ಹಿಂದೆ ಹತ್ತು ಅಂಕ ಗಳಿಸಿದವರೂ ಏನೂ ಗಳಿಸದವರೂ ಅಡಗಿರುತ್ತಾರೆ, ಯಾರು ಯಾವ ಕಡೆಗೆ ಬರುತ್ತಾರೆಂದು ಮೊದಲೇ ಹೇಳುವುದು ಇನ್ನೂ ಕಷ್ಟ.

ಪತ್ರಿಕೆಗಳಲ್ಲಿ ಬರುವ ಮಿದುಳು-ಕಂಪ್ಯೂಟರ್ ಸುದ್ದಿ ಬಹುಪಾಲು ಬೇರೊಂದು ಬಗೆಯದು, ಎರಡನ್ನೂ ಒಂದೇ ಎಂದುಕೊಂಡರೆ ನಿರೀಕ್ಷೆ ದಾರಿತಪ್ಪುತ್ತದೆ. ಮಿದುಳಿನ ಕಾಂಡಕ್ಕೆ ಲಕ್ವವಾಗಿ ಸುಮಾರು ಹದಿನೈದು ವರ್ಷ ಕೈಕಾಲು ಆಡದೆ ಇದ್ದ 58 ವರ್ಷದ ಅಮೆರಿಕದ ಮಹಿಳೆಯೊಬ್ಬರು ಮಿದುಳಿನೊಳಗೆ ಅಳವಡಿಸಿದ, 96 ಎಲೆಕ್ಟ್ರೋಡುಗಳ ಪುಟ್ಟ ಫಲಕದ ನೆರವಿನಿಂದ ರೋಬೋ ತೋಳನ್ನು ನಡೆಸಿ, ಬಾಟಲಿಯನ್ನು ಬಾಯಿಯ ಬಳಿ ತಂದುಕೊಂಡು ಕಾಫಿ ಕುಡಿದದ್ದು 2012ರಲ್ಲಿ ವರದಿಯಾಯಿತು. ಅಷ್ಟು ವರ್ಷಗಳಲ್ಲಿ ತನ್ನಿಚ್ಛೆಯಂತೆ ಕುಡಿದ ಮೊದಲ ಗುಟುಕು ಅದು. ಅಲ್ಲಿ ಯಂತ್ರ ಕೈಯ ಬದಲಿಗೆ ಕೆಲಸ ಮಾಡುತ್ತದೆ, ಅದನ್ನು ತೆಗೆದರೆ ಕೆಲಸವೂ ನಿಲ್ಲುತ್ತದೆ. ನಾನು ಹೇಳುತ್ತಿರುವ ಚಿಕಿತ್ಸೆಯಲ್ಲಿ ಯಂತ್ರ ಕೆಲವು ವಾರ ಜೊತೆಗಿದ್ದು ಬಿಟ್ಟುಹೋಗುವಂಥದ್ದು. ಟೋಪಿ ತೆಗೆದ ಮೇಲೂ ಕೈಯಲ್ಲಿ ಉಳಿದದ್ದೆಷ್ಟು ಎಂಬುದೇ ಇಲ್ಲಿನ ಪರೀಕ್ಷೆ, ಮತ್ತು ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ.

ಒಂದು ಕುತೂಹಲದ ತಿರುವು ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂತು. ಬಲಗೈಯನ್ನು ಮಿದುಳಿನ ಎಡ ಅರ್ಧ ನಡೆಸುತ್ತದೆಂದು ನಾವೆಲ್ಲ ಓದಿದ್ದೇವೆ. ಆದರೆ ಬಲಗೈ ಆಡಿಸಲು ಹೊರಟಾಗ ಬಲ ಅರ್ಧದಲ್ಲೂ ಒಂದು ಸುಳಿವು ಕಾಣಿಸುತ್ತದೆ ಎಂಬುದನ್ನು ನರಶಸ್ತ್ರಚಿಕಿತ್ಸಕ ಎರಿಕ್ ಲಾಯ್ಟ್‌ಹಾರ್ಟ್ ಗಮನಿಸಿದರು. ಎಡ ಅರ್ಧ ಲಕ್ವದಿಂದ ಜಖಂಗೊಂಡಿದ್ದರೆ, ಆರೋಗ್ಯವಾಗಿರುವ ಬಲ ಅರ್ಧದ ಆ ಸುಳಿವಿನಿಂದಲೇ ಕೈಗೆ ಕಟ್ಟಿದ ಯಂತ್ರವನ್ನು ನಡೆಸಬಾರದೇಕೆ ಎಂಬ ಯೋಚನೆಯಿಂದ ಇಪ್ಸಿಹ್ಯಾಂಡ್ ಎಂಬ ಸಾಧನ ಹುಟ್ಟಿತು. ಹತ್ತು ರೋಗಿಗಳು ಹನ್ನೆರಡು ವಾರ ಮನೆಯಲ್ಲೇ ಅದನ್ನು ಬಳಸಿ ಸುಧಾರಿಸಿದ ವರದಿ 2017ರಲ್ಲಿ ಬಂತು, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಏಪ್ರಿಲ್‌ನಲ್ಲಿ ಅದರ ಮಾರಾಟಕ್ಕೆ ಅನುಮತಿ ನೀಡಿತು. ಅನುಮತಿ ಇರುವುದು ಲಕ್ವವಾಗಿ ಕನಿಷ್ಠ ಆರು ತಿಂಗಳಾದ ವಯಸ್ಕರಿಗೆ. ನಮ್ಮಲ್ಲಿ ಕೈಯ ಆಸೆ ಬಿಡುವ ಗಡುವೇ ಅಲ್ಲಿ ಚಿಕಿತ್ಸೆ ಶುರುವಾಗುವ ಗಡುವಾಗಿರುವುದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ.

ಭಾರತದಲ್ಲಿ ಈ ದಿಕ್ಕಿನ ಕೆಲಸ ಇಲ್ಲವೆಂದಲ್ಲ. ಐಐಟಿ ಕಾನ್ಪುರದ ಆಶಿಶ್ ದತ್ತಾ ಅವರು ಉತ್ತರ ಐರ್ಲೆಂಡಿನ ಅಲ್‌ಸ್ಟರ್ ವಿಶ್ವವಿದ್ಯಾಲಯದ ಗಿರಿಜೇಶ್ ಪ್ರಸಾದ್ ಅವರೊಂದಿಗೆ ಸೇರಿ, ಮಿದುಳಿನ ಸಂಕೇತದಿಂದ ಬೆರಳು ಬಿಚ್ಚಿ ಮುಚ್ಚುವ ಕೈಗವಚವೊಂದನ್ನು ರೂಪಿಸಿದ್ದಾರೆ. ಪರೀಕ್ಷೆಗೆ ಒಳಪಟ್ಟವರು ಸದ್ಯಕ್ಕೆ ಬಹಳ ಕಡಿಮೆ ಜನವಾದ್ದರಿಂದ ಅದರ ಫಲದ ಬಗ್ಗೆ ದೊಡ್ಡ ಮಾತು ಆಡಲಾರೆ, ಆದರೆ ನಮ್ಮ ಬೆಲೆಗೆ, ನಮ್ಮ ಆಸ್ಪತ್ರೆಗಳಿಗೆ ಹೊಂದುವ ಸಾಧನ ಇಂಥ ಕಡೆಯಿಂದಲೇ ಬರಬೇಕು. ತಾಲ್ಲೂಕು ಊರುಗಳಲ್ಲಿ ಇಂದಿಗೂ ಲಕ್ವವೆಂದೊಡನೆ ಪಾರಿವಾಳದ ರಕ್ತ ಹಚ್ಚಿಸಲು, ನಾಟಿ ಔಷಧಿ ಕೊಡಿಸಲು ಕರೆದೊಯ್ಯುವವರಿದ್ದಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ನಾಲ್ಕೂವರೆ ಗಂಟೆಯ ಅವಧಿ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಆ ಗಂಟೆಗಳಲ್ಲಿ ಉಳಿಸಬಹುದಾದ ಮಿದುಳನ್ನು ಯಾವ ಟೋಪಿಯೂ ಆಮೇಲೆ ಪೂರ್ತಿಯಾಗಿ ಹಿಂದಿರುಗಿಸದು. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ, ಆಮೇಲೆ ತಪ್ಪದ ಫಿಸಿಯೋಥೆರಪಿ. ಇವೆರಡೂ ಸಿಗದ ಕಡೆ ಮಿದುಳು-ಕಂಪ್ಯೂಟರ್ ಮಾತು ಬರಿಯ ಸುದ್ದಿಯಾಗಿ ಉಳಿಯುತ್ತದೆ.

ಮುಂದೆ ನಗರಗಳ ಖಾಸಗಿ ಕೇಂದ್ರಗಳಲ್ಲಿ ‘ಮಿದುಳಿನಿಂದ ಕೈ ಆಡಿಸುವ ಚಿಕಿತ್ಸೆ’ ಎಂಬ ಫಲಕಗಳು ಹೆಚ್ಚಿದಾಗ, ಜಮೀನು ಅಡವಿಟ್ಟು ಹೋಗುವ ಮೊದಲು ಮನೆಯವರು ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಬೇಕೆಂದು ನನ್ನ ಕಳಕಳಿ. ಯಂತ್ರ ರೋಗಿಯ ಪ್ರಯತ್ನಕ್ಕಾಗಿ ಕಾಯುತ್ತದೆಯೋ, ಇಲ್ಲಾ ಗಡಿಯಾರದಂತೆ ತನ್ನಷ್ಟಕ್ಕೆ ಆಡುತ್ತದೆಯೋ? ಎರಡನೆಯದಾದರೆ ಟೋಪಿಯಿದ್ದೂ ಹೆಚ್ಚಿನ ಪ್ರಯೋಜನವಿಲ್ಲವೆಂದು ಟ್ಯೂಬಿಂಗೆನ್ ಮತ್ತು ಲೌಸಾನ್ ಎರಡೂ ತೋರಿಸಿವೆ. ಶುರುವಿನಲ್ಲಿ ಕೈಯ ಅಂಕಗಳನ್ನು ಅಳೆದು ಬರೆದುಕೊಡುತ್ತಾರೆಯೇ, ಕೊನೆಯಲ್ಲಿ ಮತ್ತೆ ಅಳೆಯುತ್ತಾರೆಯೇ? ಜೊತೆಯಲ್ಲಿ ರೂಢಿಯ ಫಿಸಿಯೋಥೆರಪಿ ಇದೆಯೇ? ಎಷ್ಟು ಯತ್ನಿಸಿದರೂ ಕಂಪ್ಯೂಟರಿಗೆ ಸಂಕೇತ ಸ್ಪಷ್ಟವಾಗಿ ಸಿಗದ ಜನರೂ ಇದ್ದಾರೆ. ಅಂಥವರಿಗೆ ಅದನ್ನು ಮೊದಲ ಒಂದೆರಡು ಭೇಟಿಯಲ್ಲೇ ಹೇಳಿ ಕಳಿಸುವ ಪ್ರಾಮಾಣಿಕತೆ ಕೇಂದ್ರಕ್ಕಿರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದ ಕೆಲಸ ಬೆರಳು, ಮಣಿಕಟ್ಟು, ಭುಜಗಳನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟಂತೆ ದಿನವೂ ಮೃದುವಾಗಿ ಬಿಡಿಸಿ ಆಡಿಸುವುದು, ಭುಜದ ನೋವಿಗೆ ತಡಮಾಡದೆ ಚಿಕಿತ್ಸೆ ಕೊಡಿಸುವುದು. ವರ್ಷಗಟ್ಟಲೆ ಮಡಚಿದಂತೆಯೇ ಬಿಟ್ಟು ಕೀಲು ಸೆಟೆದುಹೋದ ಕೈಯನ್ನು, ಮಿದುಳು ಎಷ್ಟೇ ಸ್ಪಷ್ಟವಾಗಿ ಆಜ್ಞೆ ಕೊಟ್ಟರೂ, ಯಂತ್ರವೂ ಬಿಚ್ಚಲಾರದು.